ಪ್ರಸಂಗ ಪುಸ್ತಕಕ್ಕೆ ಡೇಜಾವೂ ಒಳ್ಳೆಯದೇ, ‘ಲಾಸಿ’ಯನ್ನು ಮುಟ್ಟದಿದ್ದರೆ

ಹಳೆಯ ಕನ್ನಡ ಪುಸ್ತಕವನ್ನು ಸ್ಕ್ಯಾನ್ ಮಾಡಿ ಇಟ್ಟುಕೊಳ್ಳಲು ಪಿಡಿಎಫ್ ಬಿಟ್ಟರೆ ಬೇರೆ ಗತಿಯಿಲ್ಲ ಎಂದೇ ನನ್ನ ಬಳಗದ ಎಲ್ಲರೂ ನಂಬಿದ್ದಾರೆ. ಗತಿ ಇದೆ, ಅದರ ಹೆಸರು ಡೇಜಾವೂ (DjVu), ಪಿಡಿಎಫ್‌ನಂತೆಯೇ ಒಂದು ಕಡತ ಸ್ವರೂಪ. ಪುಕ್ಕಟೆ ಸಿಗುತ್ತದೆ. ಹುಟ್ಟಿ ಕಾಲು ಶತಮಾನ ದಾಟಿದೆ. ಕೆಲಸದಲ್ಲಿ ಇಂದಿಗೂ ಬಲು ಚುರುಕು. ಆದರೂ ಹತ್ತು ಜನರಿಗೆ ಕಳಿಸಿದರೆ ಒಂಬತ್ತು ಮಂದಿ ‘ತೆರೆಯುತ್ತಿಲ್ಲ’ ಎಂದು ಫೋನ್ ಮಾಡುತ್ತಾರೆ. ಈ ಸ್ವರೂಪವನ್ನೂ, ಅದನ್ನು ತಯಾರಿಸಿ ಕೊಡುವ ಡೇಜಾವೂಲಿಬ್ರೆ ಎಂಬ ಉಚಿತ ಉಪಕರಣಗಳ ಕಟ್ಟನ್ನೂ ಬಹಳ ಕಾಲ ಬಳಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ನನ್ನ ಹಿನ್ನೆಲೆ ಎರಡು ಮಾತಿನಲ್ಲಿ ಹೇಳುತ್ತೇನೆ. ಮುದ್ರಣಾಲಯದಲ್ಲಿ ಕರಡು ತಿದ್ದಿ ನಿವೃತ್ತನಾದವನು. ಈಗ ಯಕ್ಷಗಾನ ಪ್ರಸಂಗದ ಹಳೆಯ ಪುಸ್ತಕಗಳನ್ನು ಸಿಕ್ಕಲ್ಲಿ ಕಡ ತಂದು ಸ್ಕ್ಯಾನ್ ಮಾಡಿ ಹಿಂತಿರುಗಿಸುವುದು ಹವ್ಯಾಸ. ಕಾಗದ ಕಂದಿರುತ್ತದೆ, ಅಂಚು ಮುರಿದಿರುತ್ತದೆ, ಅಚ್ಚು ಕೆಲವೆಡೆ ಮಸಿ ಹೆಚ್ಚಾಗಿ, ಕೆಲವೆಡೆ ಅಚ್ಚುಮೊಳೆ ಸವೆದು ಅರೆಬರೆಯಾಗಿರುತ್ತದೆ. ಬೇರೆಯವರಿಗೆ ಪುಟ ಓದಲು ಬಂದರೆ ಸಾಕು. ನನಗೆ ಧಕಾರದ ಹೊಟ್ಟೆ ಸೀಳಿದ್ದು ಕಾಣಬೇಕು, ಥಕಾರದ ಒಳಗಿನ ಚುಕ್ಕಿ ಕಾಣಬೇಕು. ಈ ಹಟವಿರುವವನ ಮಾತು ಎಂಬುದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಮೊದಲು ತೂಕದ ಲೆಕ್ಕ. ಡೆಮಿ 1/8 ಅಳತೆಯ ಪುಸ್ತಕದ ಪುಟ ಸುಮಾರು ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಉದ್ದ. ಇಂಚಿಗೆ 600 ಚುಕ್ಕಿಯಂತೆ (600 ಡಿಪಿಐ) ಸ್ಕ್ಯಾನ್ ಮಾಡಿದರೆ ಒಂದು ಪುಟಕ್ಕೆ ಒಂದು ಕೋಟಿ ಅರುವತ್ತೆಂಟು ಲಕ್ಷ ಚುಕ್ಕಿಗಳಾಗುತ್ತವೆ. ಬಣ್ಣದಲ್ಲಿ ಕುಗ್ಗಿಸದೆ ಇಟ್ಟರೆ 50 ಎಂಬಿ, ಬರಿಯ ಕಪ್ಪು ಬಿಳುಪಾದರೆ 2 ಎಂಬಿ. ಫ್ಯಾಕ್ಸ್ ಕಾಲದಿಂದ ಬಂದ ‘ಗ್ರೂಪ್ 4’ ವಿಧಾನದಲ್ಲಿ ಕುಗ್ಗಿಸಿದ ಟಿಫ್ ಎಂಬ ಚಿತ್ರದ ಕಡತ ಇದನ್ನು ಸಾಕಷ್ಟು ಕೆಳಗಿಳಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮುಂದೆ ನಿಂತು ನಡೆಸಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಯೋಜನೆಯ ಪುಟಗಳು ಟಿಫ್ ಆಗಿಯೇ ಇದ್ದವು. ಒಂದೊಂದೇ ಪುಟ ತೆರೆದುಕೊಳ್ಳುವುದನ್ನು ಕಾಯುತ್ತ ಕುಳಿತವರು ಆ ಕಾಲವನ್ನು ಮರೆತಿರಲಾರರು. ಅದೇ ಕಪ್ಪು ಬಿಳುಪು ಪುಟ ಡೇಜಾವೂ ಆದಾಗ, ಒಂದು ಚುಕ್ಕಿಯನ್ನೂ ಕಳೆದುಕೊಳ್ಳದೆ, ನನ್ನ ಪುಸ್ತಕಗಳಲ್ಲಿ ಗ್ರೂಪ್ 4 ಟಿಫ್‌ನ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಮೊಬೈಲಿನ ಸ್ಕ್ಯಾನರ್ ಆ್ಯಪ್‌ಗಳು ಜೆಪೆಗ್ ಚಿತ್ರವನ್ನು ಪಿಡಿಎಫ್ ಹೊದಿಕೆಯಲ್ಲಿ ಸುತ್ತಿ ಕೊಡುವ ಕಡತದ ಜೊತೆ ಹೋಲಿಸಲೇಬೇಡಿ. ಅಲ್ಲಿ ತೂಕವೂ ಹೆಚ್ಚು, ಅಕ್ಷರದ ಸುತ್ತ ಧೂಳಿನಂಥ ಕಲೆಯೂ ಉಚಿತ.

ಈ ಜಾಣತನ ಎಲ್ಲಿಂದ ಬಂತು? 1990ರ ದಶಕದ ಕೊನೆಯಲ್ಲಿ ಅಮೆರಿಕದ ಎಟಿ ಅಂಡ್ ಟಿ ಪ್ರಯೋಗಾಲಯದಲ್ಲಿ ಲಿಯೋ ಬೊಟ್ಟು, ಪ್ಯಾಟ್ರಿಕ್ ಹಾಫ್ನರ್, ಯಾನ್ ಲಕುನ್, ಯೋಶುವಾ ಬೆಂಜಿಯೊ ಮೊದಲಾದವರು ಇದನ್ನು ಕಟ್ಟಿದರು. ಕೊನೆಯ ಇಬ್ಬರ ಹೆಸರು ಈಗ ಕೃತಕ ಬುದ್ಧಿಮತ್ತೆಯ ಸುದ್ದಿಯಲ್ಲಿ ದಿನವೂ ಕೇಳಿಬರುತ್ತದೆ. 2018ರ ಟ್ಯೂರಿಂಗ್ ಪ್ರಶಸ್ತಿಯನ್ನು ಜೆಫ್ರಿ ಹಿಂಟನ್ ಜೊತೆ ಹಂಚಿಕೊಂಡವರು ಅವರು. ಪುಸ್ತಕದ ಪುಟ ಕುಗ್ಗಿಸುವ ಕೆಲಸವನ್ನೂ ಒಂದು ಕಾಲಕ್ಕೆ ಮಾಡಿದ್ದರು ಎಂಬುದು ಅಷ್ಟಾಗಿ ಯಾರ ಬಾಯಲ್ಲೂ ಬರುವುದಿಲ್ಲ. ಡೇಜಾವೂ ಕಡತವನ್ನು ನೋಟ್‌ಪ್ಯಾಡಿನಂಥದರಲ್ಲಿ ತೆರೆದು ನೋಡಿ. ಅರ್ಥವಾಗದ ಚಿಹ್ನೆಗಳ ರಾಶಿಯ ತಲೆಯಲ್ಲೇ ‘AT&T’ ಎಂಬ ನಾಲ್ಕು ಅಕ್ಷರ ಸ್ಪಷ್ಟವಾಗಿ ಕುಳಿತಿರುತ್ತವೆ. ಆಮೇಲೆ ಇದು ಲಿಜರ್ಡ್‌ಟೆಕ್ ಕಂಪನಿಯ ಕೈಗೆ ಹೋಯಿತು. ಮಾಲೀಕರು ಬದಲಾದರು, ಹುಟ್ಟುಗುರುತು ಮಾತ್ರ ಪ್ರತಿ ಕಡತದಲ್ಲೂ ಉಳಿಯಿತು.

ಇದರ ಮೂಲ ಉಪಾಯ ಪುಟವನ್ನು ಮೂರು ಪದರವಾಗಿ ಬಿಡಿಸುವುದು. ಅಕ್ಷರಗಳ ಆಕಾರ ಒಂದು ಪದರ, ಅದು ಪೂರ್ಣ ಸ್ಪಷ್ಟತೆಯಲ್ಲಿ ಉಳಿಯುತ್ತದೆ. ಕಾಗದದ ಬಣ್ಣ, ಕಲೆ, ಚಿತ್ರ ಎಲ್ಲ ಸೇರಿ ಹಿನ್ನೆಲೆಯ ಪದರ. ಅದಕ್ಕೆ ಇಂಚಿಗೆ ನೂರು ಚುಕ್ಕಿ ಸಾಕು. ಮಸಿಯ ಬಣ್ಣ ಮೂರನೆಯದು, ಅದಕ್ಕೆ ಇಪ್ಪತ್ತೈದು ಚುಕ್ಕಿಯೂ ನಡೆಯುತ್ತದೆ. ಕಂದಿದ ಕಾಗದದ ಕಂದುಬಣ್ಣಕ್ಕೆ ಅಕ್ಷರದಷ್ಟೇ ನಿಖರತೆ ಕೊಟ್ಟು ಜಾಗ ಸುರಿಯುವುದೇಕೆ ಎಂಬುದು ಅವರ ವಾದ. ಒಪ್ಪತಕ್ಕ ವಾದ.

ನನ್ನಂಥವನಿಗೆ ಮನಸ್ಸು ಹೋಗುವುದು ಅಕ್ಷರದ ಪದರದ ಕಡೆಗೆ. ಅಲ್ಲಿ ಕೆಲಸ ಮಾಡುವ ವಿಧಾನದ ಹೆಸರು ಜೆಬಿ2. ಅದು ಮೊಳೆ ಜೋಡಿಸುವವರ ಕೇಸಿನಂತೆ, ಅಂದರೆ ಮೊಳೆಗಳನ್ನು ಖಾನೆ ಖಾನೆಯಾಗಿ ಇಡುವ ಪೆಟ್ಟಿಗೆಯಂತೆ, ನಡೆಯುತ್ತದೆ. ಪುಟದಲ್ಲಿ ‘ಕ’ ಮೊದಲ ಸಲ ಬಂದಾಗ ಅದರ ಆಕಾರವನ್ನು ಒಂದು ಖಾನೆಯಲ್ಲಿ ಇಡುತ್ತದೆ. ಮುಂದೆ ‘ಕ’ ಬಂದಲ್ಲೆಲ್ಲ ‘ಆ ಖಾನೆಯ ಮೊಳೆ, ಇಂಥ ಜಾಗದಲ್ಲಿ’ ಎಂದು ಬರೆದುಕೊಂಡರೆ ಮುಗಿಯಿತು. ಅದಕ್ಕೆ ಕನ್ನಡವೂ ಗೊತ್ತಿಲ್ಲ, ಇಂಗ್ಲಿಷೂ ಗೊತ್ತಿಲ್ಲ. ಒಂದಕ್ಕೊಂದು ಅಂಟಿಕೊಂಡ ಕರಿಯ ಚುಕ್ಕಿಗಳ ಗುಂಪು ಅದರ ಪಾಲಿಗೆ ಒಂದು ಮೊಳೆ. ಆದ್ದರಿಂದ ಕೆಳಗೆ ಬಿಡಿಯಾಗಿ ನಿಂತ ಒತ್ತು ಒಂದು ಮೊಳೆ, ಪಕ್ಕದ ದೀರ್ಘ ಇನ್ನೊಂದು, ಅನುಸ್ವಾರದ ಸೊನ್ನೆ ಮತ್ತೊಂದು. ಕನ್ನಡಕ್ಕೆ ಗುಣಿತಾಕ್ಷರ, ಒತ್ತಕ್ಷರ ಎಲ್ಲ ಸೇರಿ ನೂರಾರು ಆಕಾರ, ಇಂಗ್ಲಿಷಿನಷ್ಟು ಲಾಭ ಸಿಕ್ಕೀತೇ ಎಂದು ಮೊದಲು ಅನುಮಾನವಿತ್ತು. ಪ್ರಸಂಗ ಪುಸ್ತಕಗಳು ಆ ಅನುಮಾನ ಕಳೆದವು. ‘ರಾಗ’, ‘ತಾಳ’, ‘ಅಷ್ಟ’, ‘ಝಂಪೆ’, ‘ಏಕ’, ‘ಭಾಮಿನಿ’, ‘ವಾರ್ಧಕ’ ಎಂಬ ತಲೆಬರಹಗಳು ಪುಟಪುಟದಲ್ಲೂ ಮರುಕಳಿಸುತ್ತವೆ. ಪ್ರತಿ ಪದ್ಯದ ಕೊನೆಗೆ ಜೋಡಿಗೆರೆ ಮತ್ತು ಅಂಕಿ. ಜೆಬಿ2ಗೆ ಹಬ್ಬ.

ಸವೆದ ಮೊಳೆಗಳ ಅಚ್ಚು ಮಾತ್ರ ಹಬ್ಬಕ್ಕೆ ಅಡ್ಡಿ. ಒಂದೇ ಪುಟದಲ್ಲಿ ಹತ್ತು ‘ರಾ’ ಇದ್ದರೆ ಹತ್ತೂ ಬೇರೆ ಬೇರೆ ಮೊಳೆ, ಒಂದರ ದೀರ್ಘ ಮುರಿದಿದೆ, ಒಂದಕ್ಕೆ ಮಸಿ ಒಸರಿದೆ. ಆಗ ಏನು ಮಾಡಬೇಕು ಎಂಬುದನ್ನು ನೀವು ಆರಿಸುವ ಆಯ್ಕೆ ನಿರ್ಧರಿಸುತ್ತದೆ. ಇಲ್ಲಿಂದ ಮುಂದಿನದನ್ನು ಬಳಸುವವರು ಸ್ವಲ್ಪ ಗಮನವಿಟ್ಟು ಓದಬೇಕು.

ಕಪ್ಪು ಬಿಳುಪು ಪುಟಕ್ಕೆ ಇರುವ ಉಪಕರಣ ಸಿಜೆಬಿ2. ಏನೂ ಹೇಳದೆ ಬಿಟ್ಟರೆ ಅದು ನಷ್ಟವಿಲ್ಲದ ದಾರಿ ಹಿಡಿಯುತ್ತದೆ. ಹೋಲುವ ಆಕಾರವೊಂದನ್ನು ಎದುರಿಗೆ ಇಟ್ಟುಕೊಂಡು, ಹೊಸದು ಅದಕ್ಕಿಂತ ಎಲ್ಲಿ ಭಿನ್ನ ಎಂಬುದನ್ನು ಮಾತ್ರ ಬರೆದುಕೊಳ್ಳುತ್ತದೆ. ಮುರಿದ ದೀರ್ಘ ಮುರಿದೇ ಉಳಿಯುತ್ತದೆ. ಎರಡನೆಯದು ‘ಕ್ಲೀನ್’: ನೊಣ ಕೂತು ಹೋದಂಥ ಸಣ್ಣ ಚುಕ್ಕಿಗಳನ್ನು ಅಳಿಸುತ್ತದೆ. ಮೂರನೆಯದು ‘ಲಾಸಿ’, ಎಂದರೆ ನಷ್ಟವಾದರೂ ಸರಿ ಎನ್ನುವುದು: ಆಕಾರಗಳು ಬಹುಪಾಲು ಒಂದೇ ತೆರನಾಗಿದ್ದರೆ ವ್ಯತ್ಯಾಸವನ್ನು ಬಿಟ್ಟು ಹಳೆಯ ಮೊಳೆಯನ್ನೇ ಹಾಕುತ್ತದೆ. ಈ ಧಾರಾಳತನವನ್ನು ಅಂಕಿಯಲ್ಲೂ ಹೇಳಬಹುದು. ಸೊನ್ನೆಯಿಂದ 200ರವರೆಗಿನ ಅಳತೆಯಲ್ಲಿ ಕ್ಲೀನ್ 1ರಲ್ಲಿದೆ, ಲಾಸಿ 100ರಲ್ಲಿ.

ಲಾಸಿ ಕನ್ನಡಕ್ಕೆ ಆಗಿಬರುವುದಿಲ್ಲ. ನಮ್ಮ ಲಿಪಿಯಲ್ಲಿ ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ನಡುವೆ ಇರುವುದು ಒಂದು ಸೀಳು ಅಥವಾ ಒಂದು ಚುಕ್ಕಿ. ‘ರ’ದ ಹೊಟ್ಟೆಯಲ್ಲಿ ಚುಕ್ಕಿಯಿಟ್ಟರೆ ‘ಠ’. ‘ದ’ಕ್ಕೆ ಚುಕ್ಕಿಯಿಟ್ಟರೆ ‘ಥ’, ಕೆಳಗೆ ಸೀಳಿದರೆ ‘ಧ’. ‘ಬ, ಭ’, ‘ಡ, ಢ’, ‘ಪ, ಫ’ ಇವೂ ಹೀಗೆಯೇ. ಹತ್ತು ಪಾಯಿಂಟಿನ ಮೊಳೆಯನ್ನು 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ ಮೊಳೆಯ ಇಡೀ ಎತ್ತರ ನಲವತ್ತೆರಡು ಚುಕ್ಕಿಯಷ್ಟು. ಅಕ್ಷರದ ಮೈ ಅದರ ಅರ್ಧವೋ ಸ್ವಲ್ಪ ಹೆಚ್ಚೋ. ಅದರೊಳಗೆ ಥಕಾರದ ಚುಕ್ಕಿಗೆ ಸಿಗುವುದು ಮೂರು ನಾಲ್ಕು ಚುಕ್ಕಿಯ ಅಗಲ. ‘ಬಹುಪಾಲು ಒಂದೇ ತೆರ’ ಎಂದು ನೋಡುವ ಯಂತ್ರಕ್ಕೆ ಇದು ಕೊಳೆಯಂತೆ ಕಂಡರೆ ತಪ್ಪು ಯಂತ್ರದ್ದಲ್ಲ. ‘ಮಥನ’ ‘ಮದನ’ನಾಗಲು ಇಷ್ಟು ಸಾಕು. ಒಂದು ಪ್ರತಿಯನ್ನು ಬೇಕೆಂದೇ 200ರಲ್ಲಿ ಕುಗ್ಗಿಸಿ ನೋಡಿದೆ. ಮುನ್ನುಡಿಯಲ್ಲಿದ್ದ ‘ಅರ್ಥಧಾರಿ’ (ತಾಳಮದ್ದಳೆಯಲ್ಲಿ ಅರ್ಥ ಹೇಳುವವರು) ಒಬ್ಬರು ‘ಅರ್ಧಧಾರಿ’ಯಾಗಿ ಹೊರಬಂದರು. ಕೆಲವರ ವಿಷಯದಲ್ಲಿ ಇದು ನ್ಯಾಯವೇ ಇರಬಹುದು, ಆ ತೀರ್ಪು ಕೊಡುವ ಅಧಿಕಾರ ಸಾಫ್ಟ್‌ವೇರಿಗೆ ಇಲ್ಲ.

ಇನ್ನೂ ಕೆಟ್ಟದ್ದೇನೆಂದರೆ ಈ ತಪ್ಪು ತಪ್ಪಿನ ಹಾಗೆ ಕಾಣುವುದಿಲ್ಲ. ಜೆಪೆಗ್ ಕೆಟ್ಟರೆ ಅಕ್ಷರ ಮಸುಕಾಗುತ್ತದೆ, ಓದುವವನಿಗೆ ಅನುಮಾನ ಬರುತ್ತದೆ. ಜೆಬಿ2 ಲಾಸಿ ಕೆಟ್ಟರೆ ತಪ್ಪು ಅಕ್ಷರವೇ ಚೊಕ್ಕಟವಾಗಿ, ಅದೇ ಮಸಿಯಲ್ಲಿ, ಅದೇ ಮೊಳೆಯ ಅಂದದಲ್ಲಿ ನಿಂತಿರುತ್ತದೆ. ಮೂಲ ಪುಸ್ತಕ ಎದುರಿಗೆ ಇಲ್ಲದವನು ಅದನ್ನು ಅಚ್ಚಿನ ತಪ್ಪೆಂದು ಮುದ್ರಕರ ತಲೆಗೆ ಕಟ್ಟುತ್ತಾನೆ. ಇದು ನನ್ನೊಬ್ಬನ ಭ್ರಮೆಯಲ್ಲ. ಜೆಬಿ2ನ ದಾಯಾದಿಯಾದ ಜೆಬಿಗ್2 ಎಂಬ ವಿಧಾನವನ್ನು ಬಳಸುತ್ತಿದ್ದ ಜೆರಾಕ್ಸ್ ಯಂತ್ರಗಳು ಸ್ಕ್ಯಾನ್ ಮಾಡುವಾಗ ಅಂಕಿಗಳನ್ನೇ ಬದಲಿಸುತ್ತಿದ್ದುದನ್ನು 2013ರಲ್ಲಿ ಜರ್ಮನಿಯ ಡೇವಿಡ್ ಕ್ರೀಸೆಲ್ ತೋರಿಸಿಕೊಟ್ಟರು. ಕಟ್ಟಡದ ನಕ್ಷೆಯೊಂದರಲ್ಲಿ ಕೋಣೆಗಳ ವಿಸ್ತೀರ್ಣ ಬೇರೆ ಬೇರೆ ಇದ್ದದ್ದು, ಪ್ರತಿಯಲ್ಲಿ ಎಲ್ಲ ಕೋಣೆಗೂ 14.13 ಚದರ ಮೀಟರ್ ಎಂದು ಬಂದಿತ್ತು. ಸೊನ್ನೆಯಿಂದ ಒಂಬತ್ತರವರೆಗಿನ ಹತ್ತೇ ಆಕಾರಗಳಲ್ಲಿ ಈ ಗತಿಯಾದರೆ ನಮ್ಮ ವರ್ಣಮಾಲೆಯ ಪಾಡನ್ನು ನೀವೇ ಊಹಿಸಿ.

ಕ್ಲೀನ್ ವಿಷಯದಲ್ಲಿ ನಾನು ಅಷ್ಟು ಕಟುವಾಗಿಲ್ಲ. 600 ಡಿಪಿಐ ಪುಟಕ್ಕೆ ಧೈರ್ಯವಾಗಿ ಬಳಸುತ್ತೇನೆ. 300ರಲ್ಲಿ ಸವೆದ ಮೊಳೆಯ ಥಕಾರ, ಠಕಾರಗಳ ಚುಕ್ಕಿ ನೊಣದ ಲೆಕ್ಕಕ್ಕೆ ಹೋಗುವ ಅಪಾಯವಿದೆ. ಇನ್ನೊಂದು ವಿಚಾರ: ನಿಮ್ಮ ಚಿತ್ರದ ಡಿಪಿಐ ಎಷ್ಟೆಂದು ಉಪಕರಣಕ್ಕೆ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ, ಕಡತದಲ್ಲೂ ಬರೆದಿರದಿದ್ದರೆ, 300 ಎಂದು ತಾನೇ ಭಾವಿಸಿಕೊಳ್ಳುತ್ತದೆ. ಪುಟ ತೆರೆದಾಗ 600ರ ಪುಸ್ತಕ ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ.

ಡೇಜಾವೂಲಿಬ್ರೆಯ ಮೇಲೆ ನನ್ನ ಗಟ್ಟಿ ದೂರು ಬೇರೆಯೇ ಇದೆ. ಸಿಜೆಬಿ2 ಪುಟಕ್ಕೊಂದು ಕೇಸು ಇಡುತ್ತದೆ. ಎರಡನೆಯ ಪುಟಕ್ಕೆ ಹೋದಾಗ ಮೊದಲನೆಯ ಪುಟದ ಮೊಳೆಗಳನ್ನೆಲ್ಲ ಮರೆತು ‘ರಾಗ’, ‘ತಾಳ’ಗಳನ್ನು ಮತ್ತೆ ಮೊದಲಿಂದ ಕಲಿಯುತ್ತದೆ. ಹಲವು ಪುಟಗಳಿಗೆ ಸೇರಿ ಒಂದೇ ಕೇಸು ಇಡಲು ಡೇಜಾವೂ ಸ್ವರೂಪದಲ್ಲೇ ಅವಕಾಶವಿದೆ. ಉಚಿತ ಕಟ್ಟಿನ ಈ ಉಪಕರಣ ಅದನ್ನು ಬಳಸಿಕೊಳ್ಳುವುದಿಲ್ಲ, ಅಷ್ಟೆ. ಅದಕ್ಕೆ ಮಿನಿಡೇಜಾವೂ ಎಂಬ ಬೇರೆ ಉಚಿತ ಉಪಕರಣ ಬೇಕು. ಅದು ಹತ್ತು ಹತ್ತು ಪುಟಗಳಿಗೆ ಒಂದೊಂದು ಕೇಸು ಮಾಡುತ್ತದೆ, ಸಂಖ್ಯೆಯನ್ನು ನೀವು ಬದಲಿಸಿಕೊಳ್ಳಬಹುದು. ಪ್ರಸಂಗ ಪುಸ್ತಕದಲ್ಲಿ ಇದರಿಂದ ಸಿಗುವ ಉಳಿತಾಯ ಕಣ್ಣಿಗೆ ಕಾಣುವಷ್ಟಿದೆ. ಅದರಲ್ಲೂ ಒಂದು ಲಾಸಿ ಗುಂಡಿ ಇದೆ, ‘ಅಗ್ರೆಶನ್’ ಎಂಬ ಅಳತೆಗೋಲಿನ ಸಮೇತ. ಹೆಸರೇ ಎಚ್ಚರಿಕೆ ಎಂದುಕೊಂಡು ದೂರ ಇಟ್ಟಿದ್ದೇನೆ.

ಹೊದಿಕೆಯ ಬಣ್ಣದ ಪುಟಕ್ಕೆ, ವೇಷಧಾರಿಗಳ ಫೋಟೊಗೆ ಸಿ44 ಎಂಬ ಉಪಕರಣ. ಇದು ಜೆಪೆಗ್‌ನ ಹಾಗೆ ಚಿತ್ರವನ್ನು ಚೌಕ ಚೌಕವಾಗಿ ಕತ್ತರಿಸುವುದಿಲ್ಲ. ವೇವ್‌ಲೆಟ್ ಎಂಬ ಗಣಿತ ಬಳಸುತ್ತದೆ. ಹೆಚ್ಚು ಕುಗ್ಗಿಸಿದರೆ ಚೌಕಗಳು ಏಳುವ ಬದಲು ಚಿತ್ರ ಮೆತ್ತಗಾಗುತ್ತದೆ. ಹಳೆಯ ಹೊದಿಕೆಗಳ ಒರಟು ಬ್ಲಾಕ್ ಮುದ್ರಣಕ್ಕೆ ಈ ಮೆದುತನ ಚೆನ್ನಾಗಿಯೇ ಒಗ್ಗುತ್ತದೆ. ಗುಣಮಟ್ಟವನ್ನು ‘ಸ್ಲೈಸ್’ಗಳಲ್ಲಿ ಹೇಳಬೇಕು. ನಾನು 72+11+10+10 ಎಂದು ಕೊಡುತ್ತೇನೆ: ಮೊದಲ ಕಂತಿನಲ್ಲಿ ಚಿತ್ರ ಮಬ್ಬಾಗಿ ಮೂಡಿ, ಉಳಿದ ಕಂತುಗಳು ಬಂದಂತೆ ತಿಳಿಯಾಗುತ್ತದೆ. ಅಂತರ್ಜಾಲ ಆಮೆಗತಿಯಲ್ಲಿದ್ದ ಕಾಲದ ಸೌಕರ್ಯ ಅದು, ಈಗ ಯಾರಿಗೂ ಅದರ ಹಂಗಿಲ್ಲ. ಬಣ್ಣಕ್ಕೆ ಪ್ರತ್ಯೇಕ ಆಯ್ಕೆಗಳಿವೆ: ಪೂರ್ತಿ, ಸಾಧಾರಣ, ಅರ್ಧ, ಬಣ್ಣವೇ ಬೇಡ. ಬಣ್ಣದ ವೇಷದ ಕೇಸರಿ ತಟ್ಟಿ ಎಂಬ ಕಿರೀಟವೂ ಮುಖದ ಮೇಲಿನ ಬಿಳಿಯ ಚಿಟ್ಟಿಯ ಅಲಂಕಾರವೂ ತಾಗುವ ಕಡೆ ‘ಅರ್ಧ’ ಕೊಟ್ಟರೆ ಬಣ್ಣ ಅಂಚು ದಾಟಿ ಸೋರುತ್ತದೆ. ಫೋಟೊಗಳಿಗೆ ‘ಪೂರ್ತಿ’ ಕೊಡಿ, ನಾಲ್ಕು ಕೆಬಿ ಹೆಚ್ಚಾದರೆ ಆಗಲಿ.

ಮೂರು ಪದರದ ಆ ಪ್ರಸಿದ್ಧ ಚಮತ್ಕಾರ ಮಾತ್ರ ಉಚಿತ ಕಟ್ಟಿನಲ್ಲಿ ಅರ್ಧಂಬರ್ಧ. ಪದರಗಳನ್ನು ನೀವೇ ಬಿಡಿಸಿ ಕೊಟ್ಟರೆ ಜೋಡಿಸಿ ಕೊಡುತ್ತದೆ. ತಾನಾಗಿ ಬಿಡಿಸುವ ಬುದ್ಧಿ ಈ ಕಟ್ಟಿಗಿಲ್ಲ. ನಾನು ಸ್ಕ್ಯಾನ್ ಟೇಲರ್‌ನಲ್ಲಿ ಪುಟ ನೆಟ್ಟಗೆ ಮಾಡಿ, ಅಂಚು ಕತ್ತರಿಸಿ, ಪಠ್ಯದ ಪುಟಗಳನ್ನು ಕಪ್ಪು ಬಿಳುಪಾಗಿ, ಚಿತ್ರದ ಪುಟಗಳನ್ನು ಬಣ್ಣದಲ್ಲಿ ಹೊರತೆಗೆದು, ಎರಡಕ್ಕೂ ಬೇರೆ ಬೇರೆ ಉಪಕರಣ ಹಾಕಿ, ಡಿಜೆವಿಎಂ ಎಂಬ ಇನ್ನೊಂದರಿಂದ ಹೊಲಿಯುತ್ತೇನೆ. ಎಲ್ಲವೂ ಕಪ್ಪು ಪರದೆಯಲ್ಲಿ ಆಜ್ಞೆ ಟೈಪು ಮಾಡಿ ನಡೆಸುವ ಕೆಲಸ. ಮೌಸ್ ಒತ್ತಿ ಅಭ್ಯಾಸವಾದವರು ಮೊದಲ ದಿನವೇ ಓಡಿಹೋಗುತ್ತಾರೆ, ಅವರನ್ನು ದೂರುವುದಿಲ್ಲ.

ಕನ್ನಡಿಗರಿಗೆ ಹೇಳಲೇಬೇಕಾದ ಒಂದು ಒಳ್ಳೆಯ ಗುಣವಿದೆ. ಪುಟದ ಚಿತ್ರದ ಹಿಂದೆ ಪಠ್ಯವನ್ನು ಅಡಗಿಸಿ ಇಡಬಹುದು, ಆ ಪಠ್ಯ ಶುದ್ಧ ಯೂನಿಕೋಡ್. ಕನ್ನಡ ಪಿಡಿಎಫ್‌ನಿಂದ ಒಂದು ಸಾಲು ನಕಲು ಮಾಡಿದವರಿಗೆ ಗೊತ್ತು: ಒತ್ತು ಒಂದು ಕಡೆ, ಗುಣಿತ ಇನ್ನೊಂದು ಕಡೆ ಚೆಲ್ಲಾಪಿಲ್ಲಿಯಾಗಿ ಬಂದು ಬೀಳುತ್ತವೆ. ಡೇಜಾವೂನಲ್ಲಿ ಹಾಕಿದ್ದು ಹಾಕಿದ ಹಾಗೆಯೇ ಹಿಂದಕ್ಕೆ ಬರುತ್ತದೆ. ಟೆಸರ‍್ಯಾಕ್ಟ್‌ನ ಕನ್ನಡ ಓದಿನಿಂದ (ಅದು ಚಿತ್ರದಲ್ಲಿರುವ ಅಕ್ಷರವನ್ನು ಪಠ್ಯವಾಗಿಸುವ ಸಾಫ್ಟ್‌ವೇರ್) ಪಠ್ಯ ತೆಗೆದು, ತಿದ್ದಿ, ಡೇಜಾವೂಸೆಡ್ ಎಂಬ ಉಪಕರಣದಿಂದ ಸೇರಿಸಿದರೆ ‘ವೃಷಸೇನ’ ಎಂದು ಹುಡುಕಿದ ಕೂಡಲೇ ಪದ್ಯಕ್ಕೆ ಹೋಗಿ ನಿಲ್ಲುತ್ತದೆ. ಟೆಸರ‍್ಯಾಕ್ಟ್ ಹಳೆಯ ಮೊಳೆಯಚ್ಚನ್ನು ಓದುವ ಚಂದದ ಬಗ್ಗೆ ಇಲ್ಲಿ ಬರೆಯಲು ಹೊರಟರೆ ವಿಮರ್ಶೆ ಬೈಗುಳವಾದೀತು. ವಿಕಿಸೋರ್ಸ್‌ನಲ್ಲಿ ಒಂದು ಪಕ್ಕ ಪುಟದ ಚಿತ್ರ, ಇನ್ನೊಂದು ಪಕ್ಕ ಪಠ್ಯ ಇಟ್ಟುಕೊಂಡು ಕರಡು ತಿದ್ದುವ ವ್ಯವಸ್ಥೆ ಡೇಜಾವೂ ಕಡತವನ್ನು ಇಂದಿಗೂ ಸಂತೋಷದಿಂದ ತೆಗೆದುಕೊಳ್ಳುತ್ತದೆ. ನನ್ನ ಹಳೆಯ ಕಸುಬಿಗೆ ಇಷ್ಟು ಒಪ್ಪುವ ಜಾಗ ಬೇರೆಲ್ಲೂ ಕಂಡಿಲ್ಲ.

ಉಳಿದ ಲೋಕ ಮಾತ್ರ ಇದನ್ನು ಕೈಬಿಟ್ಟಿದೆ. ಇಂಟರ್‌ನೆಟ್ ಆರ್ಕೈವ್ ಒಂದು ಕಾಲಕ್ಕೆ ಪ್ರತಿ ಪುಸ್ತಕಕ್ಕೂ ಡೇಜಾವೂ ಪ್ರತಿ ತಯಾರಿಸುತ್ತಿತ್ತು, 2016ರಲ್ಲಿ ನಿಲ್ಲಿಸಿತು. ಬ್ರೌಸರುಗಳು ತಾವಾಗಿ ತೆರೆಯುವುದಿಲ್ಲ. ವಿಂಡೋಸ್‌ನಲ್ಲಿ ಸುಮಾತ್ರಾ ಪಿಡಿಎಫ್, ಲಿನಕ್ಸ್‌ನಲ್ಲಿ ಒಕ್ಯುಲರ್, ಎರಡರಲ್ಲೂ ಡೇಜಾವ್ಯೂ ಎಂಬ ಸ್ವಂತ ವೀಕ್ಷಕ ಇವೆ. ಆಂಡ್ರಾಯ್ಡ್‌ನಲ್ಲಿ ಲಿಬ್ರೆರಾ ಹಾಕಿಕೊಂಡರೆ ನಡೆಯುತ್ತದೆ. ಭಾಗವತರೊಬ್ಬರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸಿ ಇದನ್ನೆಲ್ಲ ವಿವರಿಸುವ ಹೊತ್ತಿಗೆ ಅವರ ಚೌಕಿಪೂಜೆಯ ಸಮಯವಾಗಿರುತ್ತದೆ. ಪಿಡಿಎಫ್‌ನ ಒಳಗೂ ಜೆಬಿಗ್2 ಮತ್ತು ಜೆಪೆಗ್ 2000 ಸೇರಿಸಲು ಅವಕಾಶವಿರುವುದರಿಂದ ಡೇಜಾವೂಗೆ ಹತ್ತಿರದ ತೂಕವನ್ನು ಅಲ್ಲೂ ಪಡೆಯಬಹುದು, ಇದನ್ನು ಮುಚ್ಚಿಡುವುದು ಸರಿಯಲ್ಲ. ಶ್ರಮ ಮಾತ್ರ ಅಷ್ಟೇ ಬೇಕು, ಎಚ್ಚರವೂ ಅಷ್ಟೇ. ಹಂಚುವುದೇ ಮುಖ್ಯ ಉದ್ದೇಶವಾದವರು ಆ ದಾರಿ ಹಿಡಿಯಲಿ. ನೂರಾರು ಪುಸ್ತಕಗಳನ್ನು ಒಂದು ಪೆನ್ ಡ್ರೈವಿನಲ್ಲಿಟ್ಟು ತಾನೇ ಓದುವವರಿಗೆ, ಪಾಠಾಂತರ ನೋಡುವವರಿಗೆ ಡೇಜಾವೂ.

‘ನಾಳೆ ಇದನ್ನು ತೆರೆಯುವ ಸಾಫ್ಟ್‌ವೇರೇ ಇಲ್ಲವಾದರೆ?’ ಎಂದು ಕೇಳುವವರಿದ್ದಾರೆ. ಡೇಜಾವೂಲಿಬ್ರೆಯ ಮೂಲಸಂಕೇತ ಎಲ್ಲರಿಗೂ ತೆರೆದಿದೆ, ಸ್ವರೂಪದ ವಿವರವೂ ಪ್ರಕಟವಾಗಿದೆ. ಅದೂ ಸಾಲದೆಂದರೆ ಡಿಡಿಜೆವಿಯು ಎಂಬ ಉಪಕರಣ ಡೇಜಾವೂ ಕಡತವನ್ನು ಹಿಂದಕ್ಕೆ ಟಿಫ್ ಮಾಡಿಕೊಡುತ್ತದೆ. ನಷ್ಟವಿಲ್ಲದ ದಾರಿಯಲ್ಲಿ ಕುಗ್ಗಿಸಿದ ಪುಟಗಳನ್ನು ಹೀಗೆ ಬಿಡಿಸಿ, ಮೂಲದ ಸ್ಕ್ಯಾನಿನ ಮೇಲೆ ಇಟ್ಟು ಹೋಲಿಸಿದ್ದೇನೆ, ಒಂದು ಚುಕ್ಕಿಯೂ ಆಚೀಚೆಯಾಗಿಲ್ಲ. ಅದೇ ಉಪಕರಣ ಪಿಡಿಎಫ್ ಕೂಡ ಮಾಡುತ್ತದೆ. ಕೇಳಿದವರಿಗೆ ಅದನ್ನೇ ಮಾಡಿ ಕಳಿಸುತ್ತೇನೆ. ಕಡತ ಉಬ್ಬಿ ಮೊಬೈಲಿನಲ್ಲಿ ಜಾಗವಿಲ್ಲವೆಂದರೆ ನನ್ನನ್ನು ಬೈಯಬಾರದು.